ಸುಮ್ಮನಿದ್ದಾಗ ಬೀಳುವ ಯಂತ್ರ

ತಮ್ಮ: ಅಕ್ಕ, ಮಲಗಿಬಿಟ್ಯಾ? ಸ್ವಲ್ಪ ಮೇಲೆ ಬರ್ತೀಯಾ? ಮತ್ತೆ ಹಾಗೇ ಆಯ್ತು.

ಅಕ್ಕ: ಮದುವೆ ವಿಡಿಯೊದ ರೆಂಡರ್ ಹಾಕಿದ್ಯಾ?

ತಮ್ಮ: ಅದೇ ಅರ್ಥ ಆಗ್ತಿಲ್ಲ. ಮಧ್ಯಾಹ್ನ ಪೂರಾ ಎರಡು ಗಂಟೆ ಸಿನಿಬೆಂಚ್ ಓಡಿಸಿದೆ. ಆರೂ ಕೋರ್ ನೂರಕ್ಕೆ ನೂರು ದುಡಿದವು, ಏನೂ ಆಗಲಿಲ್ಲ. ಈಗ ಯಾವ ಕೆಲಸನೂ ಕೊಡದೆ ಮೇಲ್ ನೋಡ್ತಾ ಕೂತಿದ್ದೆ. ಪರದೆ ಕಪ್ಪಾಗಿ ತಾನಾಗೇ ರೀಸ್ಟಾರ್ಟ್ ಆಯ್ತು. ನೀಲಿ ಪರದೆ ಕೂಡ ಬರಲಿಲ್ಲ.

ಅಕ್ಕ: ಎಷ್ಟು ದಿನದಿಂದ ಹೀಗೆ?

ತಮ್ಮ: ಮೂರು ವಾರ. ಓವರ್‌ಕ್ಲಾಕ್ ಮಾಡಿದ ದಿನದಿಂದ ಅಂತಲೇ ಇಟ್ಕೋ. ಮೊದಲ ವಾರ ಒಂದೇ ಸಲ, ಈಗ ದಿನಕ್ಕೆರಡು ಸಲ. ಅಂಗಡಿಯವರು ಎಸ್‌ಎಂಪಿಎಸ್ ಹೋಗಿದೆ ಅಂದ್ರು. ಹೊಸದು ಹಾಕಿಸಿದೆ, ಆರು ಸಾವಿರ ಆಯ್ತು. ಹೊಸದರಲ್ಲೂ ಅದೇ ಕತೆ.

ಅಕ್ಕ: ಎಸ್‌ಎಂಪಿಎಸ್ ಅಂತ ಯಾವ ಆಧಾರದ ಮೇಲೆ ಹೇಳಿದ್ರು?

ತಮ್ಮ: ಈವೆಂಟ್ ವ್ಯೂವರ್‌ನಲ್ಲಿ ಕೆಂಪಾಗಿ ‘ಕರ್ನಲ್-ಪವರ್ 41’ ಅಂತ ಇತ್ತು. ಪವರ್ ಅಂತ ಬರೆದಿದೆಯಲ್ಲ ಅಂದ್ರು.

ಅಕ್ಕ: ಆ 41 ಕಾರಣ ಹೇಳೋ ಸಾಲೇ ಅಲ್ಲ ಕಣೋ. ಮತ್ತೆ ಎದ್ದಾಗ ವಿಂಡೋಸ್ ‘ಹೋದ ಸಲ ನನ್ನನ್ನ ಸರಿಯಾಗಿ ಮುಚ್ಚಿರಲಿಲ್ಲ’ ಅಂತ ಬರೆದಿಡುತ್ತೆ, ಅಷ್ಟೇ. ಮನೆಯಲ್ಲಿ ಕರೆಂಟ್ ಹೋದರೂ ಅದೇ ಸಾಲು, ನೀನು ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಅದೇ ಸಾಲು. ಅದರ ಅಕ್ಕಪಕ್ಕ ನೋಡು. ಡಬ್ಲ್ಯುಎಚ್‌ಇಎ-ಲಾಗರ್ ಅಂತ ಏನಾದರೂ ಇದೆಯಾ?

ತಮ್ಮ: ಇದೆ. ಈವೆಂಟ್ 18. ‘ಕ್ಯಾಶ್ ಹೈರಾರ್ಕಿ ಎರರ್’ ಅಂತಿದೆ. ಪ್ರೊಸೆಸರ್ ಎಪಿಕ್ ಐಡಿ 4.

ಅಕ್ಕ: ಹಿಂದಿನ ಸಲದ್ದು?

ತಮ್ಮ: ಅದೂ 4. ಅದರ ಹಿಂದಿನದು 5. ಆಮೇಲೆ 4, 4, 5... ಒಂದು ಕಡೆ ಮಾತ್ರ 8.

ಅಕ್ಕ: ನೋಡಿದ್ಯಾ? ಮೂರು ವಾರದಿಂದ ಇದು ತನ್ನ ನೋವು ಎಲ್ಲಿದೆ ಅಂತ ಬರೆದಿಡ್ತಾನೇ ಇದೆ. ನಿನ್ನದು ರೈಜೆನ್ 5 5600ಎಕ್ಸ್. ಆರು ಕೋರ್, ಒಂದೊಂದಕ್ಕೂ ಎರಡೆರಡು ಥ್ರೆಡ್. 0 ಮತ್ತು 1 ಅಂದರೆ ಮೊದಲನೇ ಕೋರ್, 2 ಮತ್ತು 3 ಎರಡನೇದು, 4 ಮತ್ತು 5 ಮೂರನೇದು. ಬಯೋಸ್ ಸೊನ್ನೆಯಿಂದ ಎಣಿಸುತ್ತೆ, ಹಾಗಾಗಿ ಅದರ ಲೆಕ್ಕದಲ್ಲಿ ಕೋರ್ 2. ಬೀಳ್ತಿರೋದು ಇಡೀ ಪ್ರೊಸೆಸರ್ ಅಲ್ಲ, ಆ ಒಂದು ಕೋರ್. 8 ಅಂತ ಒಂದು ಸಲ ಬಂದಿದೆಯಲ್ಲ, ಅದು ಕೋರ್ 4. ಅದನ್ನೂ ನೆನಪಿಟ್ಕೋ. ಈಗ ಬಯೋಸ್‌ನಲ್ಲಿ ಏನೇನು ಬದಲಾಯಿಸಿದ್ದೀಯ, ಒಂದೂ ಬಿಡದೆ ಹೇಳು.

ತಮ್ಮ: ಬೂಸ್ಟ್ ಹೆಚ್ಚಿಸೋ ಪಿಬಿಒ ಆನ್ ಮಾಡಿ ಗರಿಷ್ಠ ವೇಗಕ್ಕೆ 200 ಮೆಗಾಹರ್ಟ್ಸ್ ಸೇರಿಸಿದೆ. ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲಾ ಕೋರ್‌ಗೂ ಮೈನಸ್ 30. ಲೋಡ್‌ಲೈನ್ ಎಲ್ಲಕ್ಕಿಂತ ಮೇಲಿನ ಹಂತ. ರ್‍ಯಾಮ್ ಪ್ಯಾಕೆಟ್ ಮೇಲೆ 3200 ಅಂತಿತ್ತು, 3600 ಮಾಡಿದೆ. ಟೈಮಿಂಗ್‌ಗಳನ್ನ ಯಾರದ್ದೋ ಸ್ಕ್ರೀನ್‌ಶಾಟ್ ನೋಡಿ ಹಾಕಿದೆ. ಅವರದ್ದು ಚೆನ್ನಾಗಿ ಓಡ್ತಿದೆಯಂತೆ.

ಅಕ್ಕ: ಎಲ್ಲಾ ಒಂದೇ ದಿನ?

ತಮ್ಮ: ಒಂದೇ ರಾತ್ರಿ.

ಅಕ್ಕ: ಇರಲಿ, ಬಿಡು. ಆ ಮೈನಸ್ 30 ಏನು ಮಾಡುತ್ತೆ ಅಂತ ಗೊತ್ತಾ?

ತಮ್ಮ: ವೋಲ್ಟೇಜ್ ಕಡಿಮೆ ಮಾಡುತ್ತೆ. ಬಿಸಿ ಕಡಿಮೆ ಆದರೆ ಬೂಸ್ಟ್ ಹೆಚ್ಚು ಹೊತ್ತು ನಿಲ್ಲುತ್ತೆ. ಅಷ್ಟು ಗೊತ್ತು.

ಅಕ್ಕ: ಅದು ಸರಿ. ಕಾರ್ಖಾನೆಯಿಂದ ಬರುವಾಗಲೇ ಒಂದೊಂದು ಕೋರ್‌ಗೂ ಒಂದು ಪಟ್ಟಿ ಇರುತ್ತೆ, ಇಷ್ಟು ವೇಗಕ್ಕೆ ಇಷ್ಟು ವೋಲ್ಟೇಜ್ ಅಂತ. ಮೈನಸ್ ಒಂದು ಅಂದರೆ ಆ ಪಟ್ಟಿಯಿಂದ 3ರಿಂದ 5 ಮಿಲಿವೋಲ್ಟ್ ಕಡಿತ. ಮೈನಸ್ 30 ಅಂದರೆ 90ರಿಂದ 150 ಮಿಲಿವೋಲ್ಟ್. ಅದು ಸಣ್ಣದಲ್ಲ. ಈಗ ನನ್ನ ಕೆಲಸದ ಮಾತು ಹೇಳ್ತೀನಿ. ನಾನು ಆಫೀಸಿನಲ್ಲಿ ಬೆಳಗಿಂದ ಸಂಜೆವರೆಗೆ ಮಾಡೋದು ಚಿಪ್‌ನ ಟೈಮಿಂಗ್ ಲೆಕ್ಕ. ಮನೆ ಕಟ್ಟುವಾಗ ಇಟ್ಟಿಗೆಯನ್ನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸ್ತಾರಲ್ಲ, ಹಾಗೆ ಅಂದುಕೋ. ಮೇಸ್ತ್ರಿ ತಾಳ ಹಾಕ್ತಾನೆ. ಪ್ರತಿ ತಾಳಕ್ಕೂ ಎಲ್ಲರೂ ಒಟ್ಟಿಗೆ ದಾಟಿಸಬೇಕು. ಮುಂದಿನ ತಾಳ ಬೀಳೋ ಹೊತ್ತಿಗೆ ಇಟ್ಟಿಗೆ ಕೈ ಸೇರಿರಬೇಕು. ಒಬ್ಬನ ಕೈ ಸೇರಿಲ್ಲ ಅಂದರೆ ಅವನು ಬರಿಗೈಯನ್ನೇ ಮುಂದೆ ಚಾಚ್ತಾನೆ.

ತಮ್ಮ: ಆ ತಾಳವೇ ಗಡಿಯಾರದ ವೇಗ.

ಅಕ್ಕ: ಹೌದು. 5600ಎಕ್ಸ್‌ಗೆ ಕಂಪನಿ ಹೇಳಿರೋ ಗರಿಷ್ಠ ಬೂಸ್ಟ್ 4.6 ಗಿಗಾಹರ್ಟ್ಸ್. ನೀನು 200 ಸೇರಿಸಿದ ಮೇಲೆ ಒಂದು ಕೋರ್ 4.8 ದಾಟಬಹುದು. 4.8ರಲ್ಲಿ ಒಂದು ತಾಳಕ್ಕೆ ಸಿಗೋದು 208 ಪಿಕೋಸೆಕೆಂಡ್. ಬೆಳಕೇ ಅಷ್ಟರಲ್ಲಿ ಆರು ಸೆಂಟಿಮೀಟರ್ ಚಿಲ್ಲರೆ ಹೋಗುತ್ತೆ. ನಿನ್ನ ಬೆರಳಿನಷ್ಟು ಉದ್ದ. ಅಷ್ಟರೊಳಗೆ ಹತ್ತಾರು ಗೇಟ್ ದಾಟಿ ಸಂಕೇತ ಮುಂದಿನ ಕೈ ಸೇರಬೇಕು. ವೋಲ್ಟೇಜ್ ಇಳಿಸಿದರೆ ಟ್ರಾನ್ಸಿಸ್ಟರ್ ನಿಧಾನ ಆಗುತ್ತೆ, ಕೂಲಿಯವರ ಕೈ ಸೋತ ಹಾಗೆ. ನೀನು ಏನು ಮಾಡಿದೆ? ತಾಳ ಜೋರು ಮಾಡಿದೆ, ಊಟನೂ ಕಡಿಮೆ ಮಾಡಿದೆ.

ತಮ್ಮ: ಹಾಗಾದರೆ ಆರೂ ಕೋರ್ ದುಡಿಯುವಾಗಲೇ ಬೀಳಬೇಕಿತ್ತಲ್ಲ? ಸುಮ್ಮನಿದ್ದಾಗ ಯಾಕೆ?

ಅಕ್ಕ: ಇದು ಒಳ್ಳೆ ಪ್ರಶ್ನೆ. ಹೆಚ್ಚಿನವರು ಎಡವೋದು ಇಲ್ಲೇ. ಆರೂ ಕೋರ್ ಒಟ್ಟಿಗೆ ದುಡಿಯುವಾಗ ವಿದ್ಯುತ್ತಿನ ಮಿತಿ, ಬಿಸಿಯ ಮಿತಿ ಎರಡೂ ಅಡ್ಡ ಬರುತ್ತೆ. ಪ್ರೊಸೆಸರ್ ತಾನಾಗೇ ವೇಗ ಇಳಿಸಿಕೊಳ್ಳುತ್ತೆ. ನಿನ್ನ ಸಿನಿಬೆಂಚ್ ನಡೀವಾಗ ಎಷ್ಟಿತ್ತು?

ತಮ್ಮ: 4.5 ಆಸುಪಾಸು.

ಅಕ್ಕ: ಅಂದರೆ ಎರಡು ಗಂಟೆ ನೀನು ಪರೀಕ್ಷೆ ಮಾಡಿದ್ದು 4.5ರ ಪಟ್ಟಿಯನ್ನ. 4.8ರ ಸಾಲನ್ನ ಆ ಪರೀಕ್ಷೆ ಮುಟ್ಟಲೇ ಇಲ್ಲ. ಅಲ್ಲಿಗೆ ಹೋಗೋದು ಯಾವಾಗ? ನೀನು ಮೇಲ್ ತೆರೆದಾಗ. ಐದು ಕೋರ್ ನಿದ್ದೆಯಲ್ಲಿರುತ್ತೆ, ಒಂದಕ್ಕೆ ಚೂರು ಕೆಲಸ ಬರುತ್ತೆ. ಬಿಸಿ ಇಲ್ಲ, ಮಿತಿ ಇಲ್ಲ, ಆ ಒಂದು ಕೋರ್ ನಿದ್ದೆಯಿಂದ ಎದ್ದು ಕಣ್ಣು ಮಿಟುಕಿಸೋದರೊಳಗೆ ತುದಿಗೆ ಹೋಗುತ್ತೆ. ಬೀಳೋದು ಆ ತುದಿಯಲ್ಲಿ. ಇನ್ನೊಂದು ವಿಷಯ. ಇಂಥ ಹಗುರ ಕೆಲಸಕ್ಕೆ ವಿಂಡೋಸ್ ಮೊದಲು ಎಬ್ಬಿಸೋದು ಚಿಪ್‌ನ ಅತ್ಯುತ್ತಮ ಕೋರ್‌ಗಳನ್ನ. ರೈಜೆನ್ ಮಾಸ್ಟರ್ ತೆಗೆದು ನೋಡು, ನಕ್ಷತ್ರದ ಗುರುತು ಯಾವುದರ ಮುಂದೆ ಇದೆ?

ತಮ್ಮ: ಕೋರ್ 2... ಅಲ್ಲ, ಇದು ಒಂದರಿಂದ ಎಣಿಸುತ್ತೆ. 3 ಅಂತ ತೋರಿಸ್ತಿದೆ. ಅಂದರೆ ಅದೇ ಕೋರ್! ಎಲ್ಲಕ್ಕಿಂತ ಒಳ್ಳೇದೇ ಬೀಳ್ತಿದೆಯಾ?

ಅಕ್ಕ: ಒಳ್ಳೇದಾಗಿರೋದರಿಂದಲೇ. ಅದು ಕಡಿಮೆ ವೋಲ್ಟೇಜ್‌ನಲ್ಲಿ ಓಡಬಲ್ಲದು ಅಂತ ಕಾರ್ಖಾನೆಯವರೇ ಅದರ ಪಟ್ಟಿಯನ್ನ ಬಿಗಿಯಾಗಿ ಬರೆದಿರ್ತಾರೆ. ಅದರಲ್ಲಿ ಕಡಿತ ಮಾಡೋಕೆ ಉಳಿದಿರೋದೇ ಕಡಿಮೆ. ಸಾಧಾರಣ ಕೋರ್‌ಗೆ ಮೈನಸ್ 30 ದಕ್ಕಬಹುದು, ಒಳ್ಳೆಯದಕ್ಕೆ ಮೈನಸ್ 10 ಕೂಡ ಹೆಚ್ಚಾಗಬಹುದು. ಆರೂ ಮಕ್ಕಳಿಗೆ ಒಂದೇ ಅಳತೆಯ ಅಂಗಿ ಹೊಲಿಸಿದ ಹಾಗೆ ಆಗಿದೆ ನಿನ್ನ ಸೆಟ್ಟಿಂಗ್.

ತಮ್ಮ: ಲೋಡ್‌ಲೈನ್? ವೋಲ್ಟೇಜ್ ಕುಸಿಯಬಾರದು ಅಂತ ಮೇಲಿನ ಹಂತಕ್ಕೆ ಇಟ್ಟೆ.

ಅಕ್ಕ: ಅಜ್ಜನ ತೋಟದಲ್ಲಿ ಬೋರ್ ಮೋಟಾರ್ ಹಾಕಿದ ತಕ್ಷಣ ಬಲ್ಬ್ ಮಂಕಾಗ್ತಿತ್ತು, ನೆನಪಿದೆಯಾ? ಮೋಟಾರ್ ನಿಲ್ಲಿಸಿದ ತಕ್ಷಣ ಪಳ್ ಅಂತ ಬೆಳಗ್ತಿತ್ತು. ಇಲ್ಲೂ ಅಷ್ಟೇ. ಪ್ರೊಸೆಸರ್ 75 ವ್ಯಾಟ್ ಎಳೆಯುವಾಗ 1.25 ವೋಲ್ಟ್‌ನಲ್ಲಿ 60 ಆಂಪಿಯರ್ ಹರಿಯುತ್ತೆ. ದಾರಿಯಲ್ಲಿ ಒಂದೇ ಒಂದು ಮಿಲಿಓಮ್ ತಡೆ ಇದ್ದರೂ 60 ಮಿಲಿವೋಲ್ಟ್ ಬಿತ್ತು. ಆ ಕುಸಿತವನ್ನ ವಿನ್ಯಾಸ ಮಾಡಿದವರು ಬೇಕಂತಲೇ ಬಿಟ್ಟಿರ್ತಾರೆ, ಯಾಕೆಂದರೆ ಕೆಲಸ ಥಟ್ಟನೆ ನಿಂತಾಗ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತೆ, ಆ ಚಿಮ್ಮುವಿಕೆಗೆ ಜಾಗ ಬೇಕು. ಮೇಲಿನ ಹಂತಕ್ಕೆ ಇಟ್ಟರೆ ಆ ಜಾಗ ಇಲ್ಲ. ನಿನ್ನ ಪಿಬಿಒಗೆ ಅದು ಬೇಕಾಗೂ ಇಲ್ಲ. ಆಟೋಗೆ ಹಾಕು.

ತಮ್ಮ: ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀವೆಲ್ಲ ಕೂತು ಬೇಕಂತಲೇ ಇಷ್ಟೊಂದು ಉಳಿಸಿಟ್ಟಿರ್ತೀರಲ್ಲ, ಅದರಲ್ಲಿ ಅರ್ಧ ವ್ಯಾಪಾರ ಅಲ್ವಾ? ಸೆಲೆರಾನ್ 300ಎ ಬಗ್ಗೆ ಓದಿದ್ದೀನಿ. 1998ರದ್ದು. 66 ಮೆಗಾಹರ್ಟ್ಸ್ ಬಸ್ಸನ್ನ 100ಕ್ಕೆ ಏರಿಸಿದರೆ ಸಾಕು, 300ರ ಚಿಪ್ 450ರಲ್ಲಿ ಓಡ್ತಿತ್ತು. ಒಂದೂವರೆ ಪಟ್ಟು! ಅದೂ ಎಷ್ಟೋ ಜನರಿಗೆ ವೋಲ್ಟೇಜ್ ಮುಟ್ಟದೆ.

ಅಕ್ಕ: ನಿಜ. ನಾನು ಇಲ್ಲ ಅನ್ನಲ್ಲ. ಆಗ ಚಿಪ್ ಎಷ್ಟು ಓಡಬಲ್ಲದು ಅನ್ನೋದಕ್ಕೂ ಡಬ್ಬಿಯ ಮೇಲೆ ಎಷ್ಟು ಬರೆದಿದೆ ಅನ್ನೋದಕ್ಕೂ ದೊಡ್ಡ ಅಂತರ ಇತ್ತು. ಕಡಿಮೆ ಬೆಲೆಯದ್ದಕ್ಕೆ ಗಿರಾಕಿ ಹೆಚ್ಚು, ಹಾಗಾಗಿ ಗಟ್ಟಿ ಚಿಪ್ಪನ್ನೂ ಅಗ್ಗದ ಹೆಸರಲ್ಲಿ ಮಾರ್ತಿದ್ರು. 2011ರ ಐ5-2500ಕೆ ಕೂಡ ಹಾಗೇ, 3.3ರ ಪ್ರೊಸೆಸರ್ 4.5ರವರೆಗೆ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಓಡಿತು. ಆದರೆ ನಿನ್ನ ಕೈಲಿರೋದು ಆ ಕಾಲದ್ದಲ್ಲ. ಅದು ಒಂದೊಂದು ಮಿಲಿಸೆಕೆಂಡೂ ತನ್ನ ಬಿಸಿ, ಕರೆಂಟು, ವೋಲ್ಟೇಜ್ ಅಳೆದು ಎಷ್ಟು ಸಾಧ್ಯವೋ ಅಷ್ಟು ತಾನೇ ಓಡಿಕೊಳ್ಳುತ್ತೆ. ನೀನು ಮಾಡಬೇಕಿದ್ದ ಓವರ್‌ಕ್ಲಾಕ್‌ನ ಬಹುಪಾಲು ಕಾರ್ಖಾನೆಯಲ್ಲೇ ಮುಗಿದಿದೆ. ಉಳಿದ ತುಣುಕನ್ನ ನಾವು ಯಾಕೆ ಬಿಡ್ತೀವಿ ಗೊತ್ತಾ? ಮೇ ತಿಂಗಳ ಮಧ್ಯಾಹ್ನಕ್ಕೆ. ಫ್ಯಾನಿಗೆ ಧೂಳು ಕಟ್ಟಿದ ದಿನಕ್ಕೆ. ಏಳೆಂಟು ವರ್ಷ ದುಡಿದು ಟ್ರಾನ್ಸಿಸ್ಟರ್ ಸ್ವಲ್ಪ ಸೋತಿರುತ್ತಲ್ಲ, ಆ ದಿನಕ್ಕೆ. ನಾನು ಒಂದು ದಾರಿಗೆ ಐದು ಪಿಕೋಸೆಕೆಂಡ್ ಅಂಚು ಸಿಗಲಿ ಅಂತ ರಾತ್ರಿ ಹನ್ನೊಂದರವರೆಗೆ ಆಫೀಸಿನಲ್ಲಿ ಕೂತಿದ್ದೀನಿ ಕಣೋ. ಆ ಅಂಚನ್ನ ಯಾರೂ ನೋಡಲ್ಲ. ಒಂದಿನ ಯಾರೋ ಬಿಸಿಲೂರಿನಲ್ಲಿ ಕೂತು ತಮ್ಮ ಲೆಕ್ಕ ಬರೀವಾಗ ಅದು ಕೆಲಸಕ್ಕೆ ಬರುತ್ತೆ.

ತಮ್ಮ: ನನಗೆ ಗೊತ್ತಿರಲಿಲ್ಲ.

ಅಕ್ಕ: ಆ ಅಂಚನ್ನ ಉಪಯೋಗಿಸಬೇಡ ಅಂತ ಹೇಳ್ತಿಲ್ಲ. ನಿನ್ನ ಚಿಪ್, ನಿನ್ನ ಕೋಣೆ, ನಿನಗೆ ಎಷ್ಟು ಬೇಕು ಅಂತ ಅಳೆದು ತಗೋ. ಒಂದು ಪುಸ್ತಕ ಇಟ್ಕೋ, ಬರೀತಾ ಹೋಗು. ಮೊದಲು ಬಯೋಸ್ ಪೂರಾ ಡೀಫಾಲ್ಟ್‌ಗೆ ಹಾಕು. ಎಕ್ಸ್‌ಎಂಪಿ, ಅಂದರೆ ರ್‍ಯಾಮ್ ಪ್ಯಾಕೆಟ್ ಮೇಲಿನ ವೇಗದ ಸೆಟ್ಟಿಂಗ್, ಅದೂ ಬೇಡ. ಎರಡು ದಿನ ಹಾಗೇ ಬಳಸು. ಆಗಲೂ ಬಿದ್ದರೆ ತಪ್ಪು ಓವರ್‌ಕ್ಲಾಕ್‌ನದ್ದಲ್ಲ, ಬೋರ್ಡೋ ಚಿಪ್ಪೋ ಕೆಟ್ಟಿದೆ ಅಂತ. ಬೀಳಲಿಲ್ಲ ಅಂದರೆ ಪ್ರೊಸೆಸರ್ ಡೀಫಾಲ್ಟ್‌ನಲ್ಲೇ ಬಿಟ್ಟು ರ್‍ಯಾಮ್ ಮಾತ್ರ ಪರೀಕ್ಷೆ ಮಾಡು. ಅದು ಪಾಸಾದ ಮೇಲೆ ರ್‍ಯಾಮ್ ಕೆಳಗಿಳಿಸಿ ಪ್ರೊಸೆಸರ್ ಮಾತ್ರ. ಎರಡನ್ನೂ ಒಟ್ಟಿಗೆ ಮುಟ್ಟಬೇಡ.

ತಮ್ಮ: ರ್‍ಯಾಮ್ ಯಾಕೆ? ತಪ್ಪು ಕೋರ್ 2ರದ್ದು ಅಂತ ಗೊತ್ತಾಯ್ತಲ್ಲ.

ಅಕ್ಕ: ರೀಸ್ಟಾರ್ಟ್ ಆಗಿದ್ದು ಕೋರ್ 2ರಿಂದ. ಅದೊಂದೇನಾ ತೊಂದರೆ? ಬೇರೆ ಏನೂ ಆಗಿಲ್ವಾ? ಬ್ರೌಸರ್‌ನ ಟ್ಯಾಬ್ ಸಾಯೋದು, ಇನ್‌ಸ್ಟಾಲ್ ಮಾಡುವಾಗ ಫೈಲ್ ಹಾಳಾಗಿದೆ ಅನ್ನೋದು?

ತಮ್ಮ: ಹೋದ ವಾರ ಒಂದು ಜಿಪ್ ಬಿಚ್ಚುವಾಗ ಸಿಆರ್‌ಸಿ ಎರರ್ ಬಂತು. ಡೌನ್‌ಲೋಡ್ ಸರಿ ಆಗಿಲ್ಲ ಅಂದುಕೊಂಡೆ. ಮತ್ತೆ ಬಿಚ್ಚಿದೆ, ಸರಿಹೋಯ್ತು.

ಅಕ್ಕ: ಅದೇ ಫೈಲು, ಮತ್ತೆ ಡೌನ್‌ಲೋಡ್ ಮಾಡದೆ?

ತಮ್ಮ: ಹೌದು. ಅದೇ ಫೈಲು.

ಅಕ್ಕ: ಡಿಸ್ಕಿನಲ್ಲಿರೋ ಫೈಲ್ ಬದಲಾಗಿಲ್ಲ, ಒಂದು ಸಲ ತಪ್ಪು, ಒಂದು ಸಲ ಸರಿ. ಹಾಗಿದ್ದರೆ ತಪ್ಪಾಗಿದ್ದು ಓದಿ ಲೆಕ್ಕ ಹಾಕಿದ ಜಾಗದಲ್ಲಿ. ನಿಜ ಹೇಳಬೇಕು ಅಂದರೆ ನನಗೆ ಆ ರೀಸ್ಟಾರ್ಟ್‌ಗಿಂತ ಇದೇ ಹೆಚ್ಚು ಭಯ. ರೀಸ್ಟಾರ್ಟ್ ಆಗೋ ಯಂತ್ರ ನಿನ್ನನ್ನ ಕೂಗಿ ಕರೀತಿದೆ. ಇದು ಕೂಗಲ್ಲ. ತಪ್ಪು ಉತ್ತರ ಬರೆದಿಟ್ಟು ಮುಂದಕ್ಕೆ ಹೋಗುತ್ತೆ.

ತಮ್ಮ: ಜಿಪ್ ಹೇಗೆ ಕಂಡುಹಿಡೀತು ಹಾಗಾದರೆ?

ಅಕ್ಕ: ಜಿಪ್ ತಾಳೆ ನೋಡುತ್ತೆ. ಅಜ್ಜ ಅಡಿಕೆ ಮಂಡಿ ಲೆಕ್ಕದಲ್ಲಿ ಅಡ್ಡಕ್ಕೂ ಕೂಡಿ, ಉದ್ದಕ್ಕೂ ಕೂಡಿ, ಎರಡು ಮೊತ್ತ ಒಂದೇನಾ ಅಂತ ನೋಡ್ತಿದ್ರಲ್ಲ, ಹಾಗೆ. ನಾವು ಬಳಸೋ ಹೆಚ್ಚಿನ ಕೆಲಸದಲ್ಲಿ ಆ ತಾಳೆಯೇ ಇಲ್ಲ. ಒಂದು ಫೋಟೊ ಕಾಪಿ ಮಾಡ್ತೀಯ, ಅದು ಡಿಸ್ಕಿನಿಂದ ರ್‍ಯಾಮ್‌ಗೆ ಬಂದು ಅಲ್ಲಿಂದ ಇನ್ನೊಂದು ಡಿಸ್ಕಿಗೆ ಹೋಗುತ್ತೆ. ಮಧ್ಯೆ ಒಂದು ಬಿಟ್ ಮಗುಚಿದರೆ ಯಾರಿಗೂ ಗೊತ್ತಾಗಲ್ಲ. ಸರ್ವರ್‌ಗಳಲ್ಲಿ ಅದನ್ನ ಹಿಡಿದು ತಿದ್ದೋ ಇಸಿಸಿ ರ್‍ಯಾಮ್ ಇರುತ್ತೆ, ನಿನ್ನಲ್ಲಿ ಇಲ್ಲ. ಪ್ರೈಮ್95 ಗೊತ್ತಲ್ಲ, ಎಲ್ಲರೂ ಪ್ರೊಸೆಸರ್ ಬಿಸಿ ಮಾಡೋಕೆ ಬಳಸೋದು. ಅದು ಹುಟ್ಟಿದ್ದು ಅದಕ್ಕಲ್ಲ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಗಿಂಪ್ಸ್ ಅನ್ನೋ ಯೋಜನೆ ಶುರು ಮಾಡಿದರು, ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನ ಹುಡುಕೋದಕ್ಕೆ. ಜನ ಪ್ರೈಮ್95 ಹಾಕಿಕೊಂಡು ತಮ್ಮ ಮನೆಯ ಕಂಪ್ಯೂಟರನ್ನ ಅದಕ್ಕೆ ದುಡಿಸಬಹುದು. ಒಂದು ಸಂಖ್ಯೆಯ ಪರೀಕ್ಷೆ ದಿನಗಟ್ಟಲೆ, ವಾರಗಟ್ಟಲೆ ನಡೆಯುತ್ತೆ. ಮಧ್ಯೆ ಒಂದು ಗುಣಾಕಾರ ತಪ್ಪಿದರೆ ಪೂರ್ತಿ ವ್ಯರ್ಥ. ಹಾಗಾಗಿ ಅದರೊಳಗೇ ತಾಳೆ ಇದೆ. ಲೆಕ್ಕ ದಶಾಂಶದಲ್ಲಿ ನಡೆದರೂ ಕೊನೆಗೆ ಬರೋ ಒಂದೊಂದು ಅಂಕಿಯೂ ಪೂರ್ಣಾಂಕಕ್ಕೆ ತೀರಾ ಹತ್ತಿರ ಇರಲೇಬೇಕು. 0.4ಕ್ಕಿಂತ ಆಚೆ ಹೋದರೆ ನಿಲ್ಲಿಸಿಬಿಡುತ್ತೆ, ನಿನ್ನ ಯಂತ್ರ ತಪ್ಪು ಮಾಡ್ತಿದೆ ಅಂತ. ಬಿಸಿಯಿಂದ ಬೀಳಿಸೋದು ಅದರ ದೊಡ್ಡ ಗುಣ ಅಲ್ಲ, ಬೀಳದೆ ಇದ್ದಾಗಲೂ ತಪ್ಪನ್ನ ಹಿಡಿಯೋದು ಅದರ ದೊಡ್ಡ ಗುಣ.

ತಮ್ಮ: ಸಿನಿಬೆಂಚ್‌ನಲ್ಲಿ ಅದಿಲ್ಲ?

ಅಕ್ಕ: ಅದು ಚಿತ್ರ ಬಿಡಿಸಿ ಅಂಕ ಕೊಡುತ್ತೆ. ಚಿತ್ರದಲ್ಲಿ ಒಂದು ಚುಕ್ಕಿ ಬಣ್ಣ ತಪ್ಪಿದರೆ ನಿನ್ನ ಕಣ್ಣಿಗೂ ಕಾಣಲ್ಲ. ಸರಿ, ಈಗ ಡೀಫಾಲ್ಟ್ ಹಾಕು. ನಾನು ನಾಳೆ ಬೆಳಗ್ಗೆ ಬಸ್ಸು ಹಿಡಿದು ಬೆಂಗಳೂರಿಗೆ ಹೋಗ್ತೀನಿ, ಏನೇನಾಯ್ತು ಅಂತ ಫೋನ್ ಮಾಡು.

(ಹಲವು ದಿನ ಬಿಟ್ಟು, ಫೋನಿನಲ್ಲಿ)

ತಮ್ಮ: ಡೀಫಾಲ್ಟ್‌ನಲ್ಲಿ ಎರಡು ದಿನ ಒಂದು ಸಲವೂ ಬೀಳಲಿಲ್ಲ. ಆಮೇಲೆ ರ್‍ಯಾಮ್ 3600 ಮಾತ್ರ ಹಾಕಿ ಮೆಮ್‌ಟೆಸ್ಟ್86 ಬಿಟ್ಟೆ. ರಾತ್ರಿ ಹನ್ನೆರಡರಿಂದ ಬೆಳಗ್ಗೆ ಐದರವರೆಗೆ ಒಂದು ತಪ್ಪೂ ಇಲ್ಲ. ನೀನು ಸುಮ್ಮನೆ ಹೆದರಿಸಿದೆ ಅಂದುಕೊಂಡೆ.

ಅಕ್ಕ: ಮಧ್ಯಾಹ್ನ ಮಾಡಿ ನೋಡಿದ್ಯಾ?

ತಮ್ಮ: ಅದನ್ನೇ ಹೇಳೋಕೆ ಹೊರಟೆ. ಮಧ್ಯಾಹ್ನ ಮೂರಕ್ಕೆ ಟೆಸ್ಟ್‌ಮೆಮ್5 ಓಡಿಸಿದೆ. ಕೋಣೆಯಲ್ಲಿ 37 ಡಿಗ್ರಿ, ಮೇಲೆ ತಾರಸಿ ಕಾದಿತ್ತು. ನಲವತ್ತು ನಿಮಿಷದಲ್ಲಿ ನಾಲ್ಕು ತಪ್ಪು. ರ್‍ಯಾಮ್ 54 ಡಿಗ್ರಿ ತೋರಿಸ್ತಿತ್ತು. ರಾತ್ರಿ ಮತ್ತೆ ಓಡಿಸಿದೆ, ಒಂದೂ ಇಲ್ಲ. ಹಗಲಿಗೊಂದು, ರಾತ್ರಿಗೊಂದು.

ಅಕ್ಕ: ರ್‍ಯಾಮ್‌ನ ಒಂದೊಂದು ಬಿಟ್ಟೂ ತೂತಿನ ಕೊಡ ಇದ್ದ ಹಾಗೆ. ತುಂಬಿಟ್ಟ ವಿದ್ಯುದಂಶ ಸೋರ್ತಾನೇ ಇರುತ್ತೆ. ಅದಕ್ಕೇ 64 ಮಿಲಿಸೆಕೆಂಡಿಗೆ ಒಂದು ಸಲ ಎಲ್ಲವನ್ನೂ ಮತ್ತೆ ತುಂಬಬೇಕು. ಬಿಸಿ ಏರಿದಷ್ಟೂ ಸೋರಿಕೆ ಜೋರು. 85 ಡಿಗ್ರಿ ದಾಟಿದರೆ 32 ಮಿಲಿಸೆಕೆಂಡಿಗೊಮ್ಮೆ ತುಂಬಬೇಕು ಅಂತ ನಿಯಮವೇ ಇದೆ. ನಿನ್ನದು 85ಕ್ಕಿಂತ ತುಂಬಾ ಕೆಳಗಿದೆ, ಸರಿ. ಆದರೆ ಆ ಸ್ಕ್ರೀನ್‌ಶಾಟ್‌ನಿಂದ ಟಿಆರ್‌ಎಫ್‌ಸಿ ಅಂತ ಒಂದು ಸಂಖ್ಯೆ ತಗೊಂಡಿರ್ತೀಯ.

ತಮ್ಮ: ಹೌದು, ಅದರಲ್ಲೇ ಹೆಚ್ಚು ಲಾಭ ಅಂತಿತ್ತು. ತುಂಬಾ ಇಳಿಸಿದ್ದೆ.

ಅಕ್ಕ: ಆ ಮತ್ತೆ ತುಂಬೋ ಕೆಲಸಕ್ಕೆ ಕೊಡೋ ಸಮಯ ಅದು. ಇಳಿಸಿದರೆ ಕೊಡ ಪೂರ್ತಿ ತುಂಬೋ ಮೊದಲೇ ಕೈಬಿಟ್ಟ ಹಾಗೆ. ರಾತ್ರಿ ಸೋರಿಕೆ ಕಡಿಮೆ, ನಡೀತು. ಹಗಲಲ್ಲಿ ಸಾಲಲಿಲ್ಲ. ಆ ಸ್ಕ್ರೀನ್‌ಶಾಟ್ ಹಾಕಿದವರ ಊರಲ್ಲಿ ಮಂಜು ಬೀಳ್ತಿತ್ತೋ ಏನೋ. ಅವರ ರ್‍ಯಾಮ್‌ನ ಚಿಪ್ ಕೂಡ ಬೇರೆ ಇದ್ದಿರಬಹುದು. ಅವರು ಸುಳ್ಳು ಹೇಳಿಲ್ಲ, ಅವರ ಕೋಣೆಯ ಸತ್ಯ ಹೇಳಿದ್ದಾರೆ. ನಿನ್ನ ರೆಂಡರ್‌ಗೆ 3600ರಿಂದ ಎಷ್ಟು ಲಾಭ ಆಗ್ತಿದೆ?

ತಮ್ಮ: ಅಳೆದೆ. 17 ನಿಮಿಷದ್ದು 16 ನಿಮಿಷ 40 ಸೆಕೆಂಡ್.

ಅಕ್ಕ: ಇಪ್ಪತ್ತು ಸೆಕೆಂಡ್.

ತಮ್ಮ: ಹೂಂ. ವಾಪಸ್ 3200ರ ಎಕ್ಸ್‌ಎಂಪಿ ಹಾಕಿದೆ. ಮಧ್ಯಾಹ್ನ ಮೂರು ಗಂಟೆಗೇ, ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ ಪರೀಕ್ಷೆ ಮಾಡಿದೆ. ನಾಲ್ಕು ಗಂಟೆ, ಸೊನ್ನೆ ತಪ್ಪು.

ಅಕ್ಕ: ಕಿಟಕಿ ಮುಚ್ಚಿ ಮಾಡಿದ್ದು ನನಗೆ ತುಂಬಾ ಇಷ್ಟ ಆಯ್ತು. ಪ್ರೊಸೆಸರ್?

ತಮ್ಮ: ಕೋರ್‌ಸೈಕ್ಲರ್ ಹಾಕಿದೆ. ಅದು ಪ್ರೈಮ್95ನ ಒಂದೊಂದೇ ಕೋರ್ ಮೇಲೆ ಓಡಿಸ್ತಾ ಹೋಗುತ್ತಲ್ಲ, ಉಳಿದ ಐದು ಸುಮ್ಮನಿರುತ್ತೆ. ಹಾಗಾಗಿ ಆ ಒಂದು ಕೋರ್ ಪೂರಾ ತುದಿಗೆ ಹೋಗುತ್ತೆ. ಮೊದಲ ದಿನ ಎಲ್ಲಕ್ಕೂ ಮೈನಸ್ 30 ಇಟ್ಟೇ ನೋಡಿದೆ. ಕೋರ್ 2 ಹನ್ನೊಂದು ಸೆಕೆಂಡ್‌ಗೆ ತಪ್ಪು ತೋರಿಸ್ತು. ಎರಡು ಗಂಟೆ ಸಿನಿಬೆಂಚ್‌ನಲ್ಲಿ ಸಿಗದೇ ಇದ್ದದ್ದು ಹನ್ನೊಂದು ಸೆಕೆಂಡ್‌ನಲ್ಲಿ! ರೌಂಡಿಂಗ್ 0.5, 0.4ಕ್ಕಿಂತ ಕಡಿಮೆ ಇರಬೇಕಿತ್ತು ಅಂತ. ನೀನು ಹೇಳಿದ ಅದೇ ತಾಳೆ. ಓದಿ ಮೈ ಜುಂ ಅಂತು.

ಅಕ್ಕ: ಆಮೇಲೆ?

ತಮ್ಮ: ಐದೈದು ಮೇಲೆ ತಂದೆ. ಮೈನಸ್ 25ರಲ್ಲಿ ಎರಡು ನಿಮಿಷ, ಮೈನಸ್ 20ರಲ್ಲಿ ಒಂದು ಗಂಟೆ, ಮೈನಸ್ 15ರಲ್ಲಿ ರಾತ್ರಿಯಿಡೀ ನಿಂತಿತು. ನಿನ್ನ ಮಾತು ನೆನಪಾಗಿ ಮೈನಸ್ 10ಕ್ಕೆ ಇಟ್ಟೆ. ಕೋರ್ 4 ಮೈನಸ್ 22ರಲ್ಲಿ ನಿಲ್ಲುತ್ತೆ, 18ಕ್ಕೆ ಇಟ್ಟಿದ್ದೀನಿ. ಉಳಿದ ನಾಲ್ಕೂ ಮೈನಸ್ 30ರಲ್ಲಿ ಅಲ್ಲಾಡಲಿಲ್ಲ. ಅವನ್ನೂ 25ಕ್ಕೆ ತಂದೆ. ಆ 200 ಮೆಗಾಹರ್ಟ್ಸ್ ತೆಗೆದೆ. ಆರೂ ಕೋರ್ ದುಡಿಯುವಾಗ ಅದು ಬರೋದೇ ಇಲ್ಲ ಅಂದಮೇಲೆ ನನ್ನ ಕೆಲಸಕ್ಕೆ ಅದರಿಂದ ಏನೂ ಇಲ್ಲ. ತಮಾಷೆ ಅಂದರೆ ಪ್ರೊಸೆಸರ್‌ನ ಈ ಬದಲಾವಣೆಯಿಂದ ರೆಂಡರ್ ಒಂದು ಸೆಕೆಂಡೂ ಹೆಚ್ಚಾಗಿಲ್ಲ. ಬಿಸಿ ಮಾತ್ರ 84ರಿಂದ 76ಕ್ಕೆ ಇಳೀತು.

ಅಕ್ಕ: 95ರವರೆಗೆ ಹೋಗಬಹುದು ಅಂತ ಕಂಪನಿ ಹೇಳಿದೆ, ಹಾಗಾಗಿ 84 ಕೂಡ ಅಪಾಯ ಆಗಿರಲಿಲ್ಲ. ಆದರೆ 76 ಇದ್ದರೆ ಮೇ ತಿಂಗಳಿಗೆ ಒಂದಿಷ್ಟು ಜಾಗ ಸಿಕ್ಕಿತು.

ತಮ್ಮ: ಒಂದು ಕೇಳಬೇಕಿತ್ತು. ಸುಮ್ಮನೆ ಡೀಫಾಲ್ಟ್‌ನಲ್ಲೇ ಇಟ್ಟವರಿಗೆ ಇದೆಲ್ಲ ಆಗಲ್ಲ ಅಲ್ವಾ?

ಅಕ್ಕ: ಹಾಗಂತ ಹೇಳೋಕಾಗಲ್ಲ. 2011ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನವರು ಸುಮಾರು ಹತ್ತು ಲಕ್ಷ ಕಂಪ್ಯೂಟರ್‌ಗಳ ಕ್ರ್ಯಾಶ್ ವರದಿಗಳನ್ನ ಅಧ್ಯಯನ ಮಾಡಿ ಒಂದು ಪ್ರಬಂಧ ಬರೆದರು. ಓವರ್‌ಕ್ಲಾಕ್ ಮಾಡಿದವು ಹೆಚ್ಚು ಕೆಡುತ್ತೆ, ನಿಗದಿಗಿಂತ ನಿಧಾನ ಓಡೋವು ಕಡಿಮೆ ಕೆಡುತ್ತೆ ಅಂತ ಬಂತು. ಅದು ನಿರೀಕ್ಷೆಯದ್ದೇ. ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು. ಹಾರ್ಡ್‌ವೇರ್‌ನಿಂದ ಒಂದು ಸಲ ಬಿದ್ದ ಯಂತ್ರ ಮತ್ತೆ ಬೀಳೋ ಸಂಭವ ಬಹಳ ಪಟ್ಟು ಹೆಚ್ಚು. ಒಂದು ಸಲ ತಾನೇ, ಬಿಡು ಅಂತ ನಾವು ಅಂದುಕೊಳ್ತೀವಲ್ಲ, ಆ ಒಂದು ಸಲಕ್ಕೇ ಎದ್ದು ಕೂರಬೇಕು. ಇನ್ನು 2024ರದ್ದು ನಿನಗೇ ಗೊತ್ತು. ಇಂಟೆಲ್‌ನ ಹದಿಮೂರು, ಹದಿನಾಲ್ಕನೇ ತಲೆಮಾರಿನ ಪ್ರೊಸೆಸರ್ ಇದ್ದವರಿಗೆ ಆಟ ಶುರು ಮಾಡಿದರೆ ‘ವಿಡಿಯೊ ಮೆಮೊರಿ ಸಾಲದು’ ಅಂತ ಬರ್ತಿತ್ತು. ಎಷ್ಟೋ ಜನ ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ ಪಟ್ಟರು. ತಪ್ಪಿದ್ದದ್ದು ಪ್ರೊಸೆಸರ್, ಅಡಕಿಸಿಟ್ಟ ಫೈಲ್ ಬಿಚ್ಚುವಾಗ ಲೆಕ್ಕ ತಪ್ಪುತ್ತಿತ್ತು. ಕೊನೆಗೆ ಕಂಪನಿಯೇ ಒಪ್ಪಿಕೊಂಡಿತು. ಚಿಪ್ ಕೇಳ್ತಿದ್ದ ವೋಲ್ಟೇಜ್ ಅತಿಯಾಗಿ, ಬಿಸಿಯೂ ಸೇರಿ, ಗಡಿಯಾರದ ಸಂಕೇತ ಹಂಚೋ ಸರ್ಕ್ಯೂಟ್ ಸವೆದಿತ್ತು. 1.55 ವೋಲ್ಟ್‌ಗಿಂತ ಹೆಚ್ಚು ಕೇಳದ ಹಾಗೆ ಮೈಕ್ರೋಕೋಡ್ ಬದಲಾಯಿಸಿದರು, ವಾರಂಟಿ ಎರಡು ವರ್ಷ ಹೆಚ್ಚಿಸಿದರು. ಆದರೆ ಆಗಲೇ ಸವೆದಿದ್ದ ಚಿಪ್ಪನ್ನ ಮೈಕ್ರೋಕೋಡ್ ಸರಿಮಾಡಲ್ಲ. ಆ ಸುದ್ದಿ ಓದಿದ ವಾರ ನಮ್ಮ ಆಫೀಸಿನಲ್ಲಿ ಯಾರೂ ನಗ್ತಾ ಮಾತಾಡಲಿಲ್ಲ. ಅಂಚು ಇಟ್ಟಿದ್ದೀವಿ ಅಂದುಕೊಂಡವರ ಲೆಕ್ಕವೂ ತಪ್ಪಬಹುದು ಅಂತ.

ತಮ್ಮ: ಅಲ್ಲೂ ಸಂದೇಶ ಒಂದು ಹೇಳ್ತು, ಕಾರಣ ಇನ್ನೊಂದು.

ಅಕ್ಕ: ಹೌದು. ಈಗ ನಾನು ಒಂದು ಕೇಳ್ತೀನಿ, ಮೊನ್ನೆಯೇ ಕೇಳಬೇಕಿತ್ತು. ಆ ಮೂರು ವಾರದಲ್ಲಿ ನೀನು ಯಾವ ಯಾವ ಮದುವೆಯ ಫೈಲ್ ಕಾಪಿ ಮಾಡಿದ್ದೀಯ?

ತಮ್ಮ: ಎರಡು. ಒಂದು ಹರಿಹರದ್ದು, ಒಂದು ಇಲ್ಲೇ.

ಅಕ್ಕ: ಕ್ಯಾಮೆರಾದ ಕಾರ್ಡ್‌ಗಳು?

ತಮ್ಮ: ಹರಿಹರದ್ದು ಇನ್ನೂ ಇದೆ. ಇಲ್ಲಿಯದ್ದು ಫಾರ್ಮ್ಯಾಟ್ ಮಾಡಿ ಮತ್ತೆ ಬಳಸಿಬಿಟ್ಟೆ. ಎರಡು ಕಾಪಿ ಇದೆ ಅಂತ ಧೈರ್ಯ ಇತ್ತು, ಒಂದು ಒಳಗಿನ ಡಿಸ್ಕ್‌ನಲ್ಲಿ, ಒಂದು ಹೊರಗಿನದ್ದರಲ್ಲಿ.

ಅಕ್ಕ: ಹೊರಗಿನದ್ದಕ್ಕೆ ಕಾರ್ಡಿನಿಂದ ನೇರ ಹಾಕಿದ್ಯಾ, ಒಳಗಿನದ್ದರಿಂದ ಹಾಕಿದ್ಯಾ?

ತಮ್ಮ: ಒಳಗಿನದ್ದರಿಂದ.

ಅಕ್ಕ: ಎಲ್ಲಾ ಫೈಲ್‌ಗೂ ಎರಡೂ ಕಡೆ ಹ್ಯಾಶ್, ಅಂದರೆ ತಾಳೆ ನೋಡೋ ಸಂಖ್ಯೆ, ತೆಗೆದು ಹೋಲಿಸು, ಈಗಿನ ಸೆಟ್ಟಿಂಗ್‌ನಲ್ಲಿ. ಎರಡೂ ಬೇರೆ ಬಂದರೆ ತಪ್ಪಿದ್ದು ಎರಡನೇ ಕಾಪಿ, ಒಳಗಿನದು ಬಹುಶಃ ಸರಿ ಇರುತ್ತೆ. ಎರಡೂ ಒಂದೇ ಬಂದರೂ ನಂಬಬೇಡ. ಮೊದಲ ಕಾಪಿಯಲ್ಲೇ ತಪ್ಪಿದ್ದರೆ ಎರಡೂ ಕಡೆ ಅದೇ ತಪ್ಪು ಇರುತ್ತೆ. ಹಾಗಾಗಿ ಒಂದೊಂದು ಕ್ಲಿಪ್ಪನ್ನೂ ಮೊದಲಿಂದ ಕೊನೆವರೆಗೆ ಡಿಕೋಡ್ ಮಾಡಿಸು, ತಪ್ಪು ಸಿಕ್ಕಲ್ಲಿ ಕಣ್ಣಾರೆ ನೋಡು.

ತಮ್ಮ: ಮಾಡಿದೆ ಅಕ್ಕ. ನಿನ್ನೆ ರಾತ್ರಿಯೇ. ಜಿಪ್ ವಿಷಯ ಕೇಳಿದಾಗಿನಿಂದ ನಿದ್ದೆ ಬಂದಿರಲಿಲ್ಲ. 412 ಕ್ಲಿಪ್. ಮೂರರ ಹ್ಯಾಶ್ ಬೇರೆ ಬಂತು, ಆ ಮೂರೂ ಒಳಗಿನ ಡಿಸ್ಕ್‌ನಲ್ಲಿ ಸರಿ ಇದೆ. ಒಂದು ಎರಡೂ ಕಡೆ ಒಂದೇ ಇದೆ, ಎರಡೂ ಕಡೆ ಹಾಳಾಗಿದೆ.

ಅಕ್ಕ: ಯಾವುದು?

ತಮ್ಮ: ಇಲ್ಲಿಯ ಮದುವೆಯದ್ದು. ಧಾರೆ ಎರೆಯೋ ಹೊತ್ತು. ಒಂದೇ ಒಂದು ಕಡೆ ಕೆಟ್ಟಿರೋದು, ಆದರೆ ಅಲ್ಲಿಂದ ಮುಂದಿನ ಪೂರ್ಣ ಫ್ರೇಮ್ ಬರೋವರೆಗೆ ಚಿತ್ರವೆಲ್ಲ ಚೌಕ ಚೌಕ ಒಡೆದುಹೋಗಿದೆ. ಒಂದು ಸೆಕೆಂಡ್ ಇರಬಹುದು. ನೀರು ಬೀಳೋ ಸೆಕೆಂಡ್.

ಅಕ್ಕ: ಎರಡನೇ ಕ್ಯಾಮೆರಾ ಇರಲಿಲ್ವಾ?

ತಮ್ಮ: ಇತ್ತು. ಮಂಟಪದ ಆ ಕಡೆಯಿಂದ. ಹುಡುಗಿಯ ತಂದೆಯ ಬೆನ್ನು, ಅವರ ಕೈ, ತಂಬಿಗೆ ಕಾಣುತ್ತೆ. ಹುಡುಗಿಯ ಮುಖ ಕಾಣಲ್ಲ.

ಅಕ್ಕ: ಅವರಿಗೆ ಹೇಳಿದ್ಯಾ?

ತಮ್ಮ: ಇಲ್ಲ. ಆ ಸೆಕೆಂಡ್‌ನಲ್ಲಿ ಎರಡನೇ ಕ್ಯಾಮೆರಾಗೆ ಕಟ್ ಮಾಡಿದರೆ ಯಾರಿಗೂ ಗೊತ್ತಾಗಲ್ಲ.

ಅಕ್ಕ: ಹೂಂ.

ತಮ್ಮ: ನೀನು ಏನೂ ಹೇಳಬೇಡ, ಗೊತ್ತು. ಅವರ ತಂದೆಯ ನಂಬರ್ ಇದೆ. ಇನ್ನೂ ಎಂಟು ಗಂಟೆ ಆಗಿಲ್ಲ, ಊಟಕ್ಕೆ ಕೂತಿರಲ್ಲ. ಫೋನ್ ಇಡ್ತೀನಿ ಅಕ್ಕ, ಅವರಿಗೆ ಮಾಡಿ ಆಮೇಲೆ ನಿನಗೆ ಮಾಡ್ತೀನಿ.